ತಮಟೆ ಹಿಡಿದು ಗ್ಯಾಲರಿಗೆ ಹೋದ ಕಥೆ

ನಾನು ಫುಟ್‌ಬಾಲ್ ಆಡಿದ್ದು ಕಮ್ಮಿ, ಕೂಗಿದ್ದು ಜಾಸ್ತಿ. ಬೆಂಗಳೂರಿನ ಆಸ್ಟಿನ್ ಟೌನ್ ಪಕ್ಕದ ಹುಡುಗ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಮೈದಾನದಲ್ಲಿ ಎರಡರಲ್ಲೂ ಬೈಗುಳ. ರಾತ್ರಿ ಊಟಕ್ಕೆ ಕೂತರೆ ಅಪ್ಪ ಅನ್ನ ಕಲಸುತ್ತಾ ಹಳೇ ಕಥೆ ತೆಗೆಯುತ್ತಿದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಎಸ್. ರಾಮನ್ ನಮ್ಮೂರಿನವರು. ತಂಡದಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಹಾಳಾಗಿ 2-1ರಲ್ಲಿ ಸೋತೆವು. ಆಗ ಅಪ್ಪ ಹುಟ್ಟೇ ಇರಲಿಲ್ಲ. ಆದರೂ ಕಣ್ಣಾರೆ ಕಂಡವರ ಹಾಗೆ ನೊಂದುಕೊಳ್ಳುತ್ತಿದ್ದರು.

ಇಲ್ಲಿನ ಫುಟ್‌ಬಾಲ್ ಹುಚ್ಚು ಗೊತ್ತಾಗಬೇಕಾದರೆ ಹಲಸೂರಿನ ಗೌತಮಪುರಕ್ಕೆ ಹೋಗಿ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆ ಪೆಲೆಗೂ ಪ್ರತಿಮೆ ಇದೆ! ನಮ್ಮ ಬೀದಿಯಲ್ಲಂತೂ ಟೂರ್ನಮೆಂಟ್ ಗೆದ್ದರೆ ತಮಟೆ, ದೇವರ ಮೆರವಣಿಗೆಗೆ ತಮಟೆ, ಸಾವಿಗೂ ತಮಟೆ. ಚಿಕ್ಕಂದಿನಲ್ಲೇ ಕೈ ಕೂತಿತ್ತು.

2013ರಲ್ಲಿ ಬೆಂಗಳೂರು ಎಫ್‌ಸಿ ಅನ್ನೋ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಮೊದಲ ವರ್ಷ ಅಶೋಕನಗರದ ಸ್ಟೇಡಿಯಂನಲ್ಲಿ ಆಡಿ, ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದೇಬಿಟ್ಟರು. ಆಮೇಲೆ ಕಂಠೀರವಕ್ಕೆ ಬಂದರು. ಕೂಗು ಮಾತ್ರ ಬಹುಪಾಲು ಇಂಗ್ಲೆಂಡಿನ ರಾಗ, ಪದ ಮಾತ್ರ ಬೇರೆ. ನಾನೂ ಹಾಡಿದೆ. ಚೆನ್ನಾಗೇ ಇತ್ತು, ಆದರೆ ನನ್ನ ಹಿಂದೆ ಕೂತಿದ್ದ ಆಟೋದವರು ಸುಮ್ನೆ ಚಪ್ಪಾಳೆ ತಟ್ಟಿಕೊಂಡಿರುತ್ತಿದ್ದರು. ಅವರ ಬಾಯಿಗೆ ಅದು ಬರುತ್ತಿರಲಿಲ್ಲ.

ಅದಕ್ಕೇ ಒಂದು ದಿನ ತಮಟೆ ತಗೊಂಡು ಹೋದೆ. ಗೇಟಿನಲ್ಲಿ ಸೆಕ್ಯೂರಿಟಿಯವರು ಕೋಲು ನೋಡಿ ತಡೆದರು. ಬಾರಿಸಿ ತೋರಿಸಿದ ಮೇಲೆ ನಕ್ಕು ಬಿಟ್ಟರು.

ಮೊದಲ ಪಾಠ ಕಲಿಸಿದ್ದು ರನ್ನಿಂಗ್ ಟ್ರ್ಯಾಕು. ಕಂಠೀರವದಲ್ಲಿ ಮೈದಾನದ ಸುತ್ತ ಟ್ರ್ಯಾಕ್ ಇದೆ, ಎದುರಿನ ಸ್ಟ್ಯಾಂಡ್ ತುಂಬಾ ದೂರ. ನನ್ನ ಪೆಟ್ಟು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧ ಸೆಕೆಂಡ್. ಅವರ ಚಪ್ಪಾಳೆ ವಾಪಸ್ ಬರಲು ಇನ್ನರ್ಧ. ಮೆರವಣಿಗೆಯ ಜೋರು ಪೆಟ್ಟು ಹಾಕಿದರೆ ಎಲ್ಲ ಕಲಸುಮೇಲೋಗರ. ನಡೆ ನಿಧಾನ ಮಾಡಿದೆ. ಎರಡು ಪೆಟ್ಟು, ಒಂದು ಬಿಡುವು. ಆ ಬಿಡುವಿನಲ್ಲಿ ಅವರ ದನಿ ಬಂದು ಕೂರಬೇಕು.

ಪದಗಳ ಕೆಲಸ ಇದಕ್ಕಿಂತ ಸುಲಭ. ನಮ್ಮ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಅಲ್ವಾ? ‘ಬಾರೋ’, ‘ಹೊಡಿಯೋ’ ಅಂದರೆ ಉಸಿರಿರುವಷ್ಟು ಹೊತ್ತು ಎಳೆಯಬಹುದು. ನಾನು ‘ಯಾರೂರು?’ ಅನ್ನುವುದು, ಗ್ಯಾಲರಿ ‘ನಮ್ಮೂರು!’ ಅನ್ನುವುದು. ಅಷ್ಟೇ ಹಾಡು. ಒಬ್ಬ ಸೊಲ್ಲು ಎತ್ತಿದರೆ ಹಿಮ್ಮೇಳದವರು ಹಿಡಿಯುವುದು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಆಟೋದವರೇ ಎಲ್ಲರಿಗಿಂತ ಜೋರಾಗಿ ಕೂಗಿದರು.

ಕೈಕೊಟ್ಟಿದ್ದು ಚರ್ಮ. ಪಂದ್ಯಕ್ಕೆ ಮುಂಚೆ ಹೊರಗಿನ ಟೀ ಅಂಗಡಿಯ ಸ್ಟೌವ್ ಮೇಲೆ ಕಾಯಿಸಿ ಒಳಗೆ ಹೋಗಿರುತ್ತಿದ್ದೆ. ಆಗ ‘ಟಣ್’ ಅಂತಿತ್ತು. ಎರಡನೇ ಹಾಫ್ ಹೊತ್ತಿಗೆ ರಾತ್ರಿಯ ತೇವ ಕುಡಿದು ಒದ್ದೆ ರಟ್ಟಿನ ಡಬ್ಬದ ಹಾಗೆ ‘ಡೊಬ್’. ಒಳಗೆ ಬೆಂಕಿ ಹಾಕುವ ಹಾಗಿಲ್ಲ. ಟವೆಲ್ಲಿನಲ್ಲಿ ಉಜ್ಜಿದೆ, ಹೊಟ್ಟೆಗೆ ಒತ್ತಿ ಹಿಡಿದೆ, ಏನೂ ಆಗಲಿಲ್ಲ. ಕೊನೆಗೆ ಫೈಬರ್ ತಮಟೆ ತಂದೆ. ನಾದ ಅಷ್ಟು ಚೆನ್ನಾಗಿಲ್ಲ, ಈಗಲೂ ಬೇಜಾರಿದೆ. ಆದರೆ 90 ನಿಮಿಷ ಒಂದೇ ದನಿ.

2016ರ ಅಕ್ಟೋಬರ್ 19. ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್‌ನ ಸೆಮಿಫೈನಲ್, ಎದುರಿಗೆ ಮಲೇಷ್ಯಾದ ಜೊಹೊರ್ ಕ್ಲಬ್. ಮೊದಲ ಗೋಲು ಅವರದೇ. ಇಡೀ ಸ್ಟೇಡಿಯಂ ತಣ್ಣಗಾಯಿತು. ಅಂಥ ಹೊತ್ತಲ್ಲಿ ಜೋರಾಗಿ ಬಾರಿಸಬಾರದು, ಜನಕ್ಕೆ ಸಿಟ್ಟು ಬರುತ್ತದೆ. ದಪ್ಪ ಕೋಲು ಪಕ್ಕಕ್ಕಿಟ್ಟು ತೆಳ್ಳನೆ ಕಡ್ಡಿಯಲ್ಲಿ ಸಣ್ಣಗೆ ಶುರು ಮಾಡಿದೆ. ಹತ್ತು ಜನ ಸೇರಿದರು, ಆಮೇಲೆ ನೂರು. ಹಾಫ್ ಟೈಮಿಗೆ ಮುಂಚೆ ನಮ್ಮ ಕ್ಯಾಪ್ಟನ್ ಸುನಿಲ್ ಛೆಟ್ರಿ ಸಮ ಮಾಡಿದರು. ನಮ್ಮ ಎರಡನೆಯದೂ ಛೆಟ್ರಿಯದೇ, ದೂರದಿಂದ ಬಾರಿಸಿದ್ದು. ಮೂರನೆಯದು ನಮ್ಮ ಡಿಫೆಂಡರ್ ಹುವಾನನ್ ಹೊಡೆದದ್ದು. 3-1. ಭಾರತದ ಕ್ಲಬ್ ಒಂದು ಮೊದಲ ಸಲ ಆ ಕಪ್‌ನ ಫೈನಲ್ ತಲುಪಿತು.

ಮನೆಗೆ ಬಂದಾಗ ನನಗೆ ಗಂಟಲೇ ಇರಲಿಲ್ಲ. ಅಪ್ಪ ಟೀವಿ ಮುಂದೆ ಇನ್ನೂ ಎದ್ದಿದ್ದರು.

‘ನಿನ್ನ ತಮಟೆ ಕೇಳಿಸ್ತು ಕಣೋ,’ ಅಂದರು. ‘ಎರಡನೇ ಗೋಲಿಗೆ ಮುಂಚೆ ಒಂದು ಪೆಟ್ಟು ಬಿಟ್ಟೆ.’

ಬಿಟ್ಟಿದ್ದು ನಿಜ. ಛೆಟ್ರಿ ಕಾಲೆತ್ತಿದ್ದು ನೋಡುತ್ತಾ ನಿಂತುಬಿಟ್ಟಿದ್ದೆ.