ಮಾರ್ಚ್ ಬರುವ ಮುನ್ನ: ಅಮೆರಿಕದ ಕಾಲೇಜು ಊರಿಗೆ ಹೊಸದಾಗಿ ಬಂದವರಿಗೆ

ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಬ್ಯಾಂಕ್ ಖಾತೆ, ಚಾಲನಾ ಪರವಾನಗಿ, ಇವನ್ನೆಲ್ಲ ಬಂದ ಕೂಡಲೇ ಮುಗಿಸಿಕೊಳ್ಳಿ. ನಾನು ಹೇಳಬೇಕಾದದ್ದು ಬೇರೆ. ಕಾಲೇಜು ಇರುವ ಊರಿನಲ್ಲಿ ಮನೆ ಮಾಡಿದ್ದರೆ, ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳ ಶ್ರೇಯಾಂಕ ಹೇಗೆ ನಿರ್ಧಾರವಾಗುತ್ತದೆ ಎಂಬುದನ್ನು ಮಾರ್ಚ್‌ಗೆ ಮೊದಲೇ ತಿಳಿದುಕೊಳ್ಳಿ. ಮಾರ್ಚ್‌ನ ರಾಷ್ಟ್ರೀಯ ಟೂರ್ನಿಗೆ ತಂಡಗಳನ್ನು ಆರಿಸುವಾಗ ಅದನ್ನು ನೋಡುತ್ತಾರೆ. ತಿಳಿಯದೆ ಮಾತನಾಡಿ ನಾನು ಮಗನ ಮನಸ್ಸು ನೋಯಿಸಿದೆ.

ಆ ವರ್ಷ ನಮ್ಮೂರ ತಂಡ 24 ಪಂದ್ಯ ಗೆದ್ದಿತ್ತು. ನನ್ನ ತಲೆಯಲ್ಲಿದ್ದದ್ದು ಐಪಿಎಲ್ ಅಂಕಪಟ್ಟಿ. ಅಲ್ಲಿ ಹತ್ತು ತಂಡ, ತಲಾ 14 ಪಂದ್ಯ. ಎಲ್ಲರೂ ಎಲ್ಲರನ್ನೂ ಎದುರಿಸುತ್ತಾರೆ. ಅಂಕ ಸಮವಾದರೆ ರನ್‌ರೇಟ್ ಸಾಕು. 2024ರ ಮೇ 18ರಂದು ಆರ್‌ಸಿಬಿ ಚೆನ್ನೈಯನ್ನು 27 ರನ್‌ಗಳಿಂದ ಸೋಲಿಸಿ ಪ್ಲೇಆಫ್ ಸೇರಿದ್ದು ಹಾಗೆಯೇ. ಆದರೆ ಇಲ್ಲಿ ಮೇಲಿನ ದರ್ಜೆಯಲ್ಲೇ 350ಕ್ಕೂ ಹೆಚ್ಚು ಕಾಲೇಜುಗಳಿವೆ. ಒಂದೊಂದು ಆಡುವುದು ಸುಮಾರು 30 ಪಂದ್ಯ. ಬಹುಪಾಲು ತಂಡಗಳು ಪರಸ್ಪರ ಮುಖವನ್ನೇ ನೋಡುವುದಿಲ್ಲ. ಹಾಗಿರುವಾಗ ಬರೀ ಗೆಲುವು ಎಣಿಸಿದರೆ ದುರ್ಬಲರನ್ನು ಹುಡುಕಿ ಆಡಿದವರೇ ಮೇಲೇರುತ್ತಾರೆ.

ಅದಕ್ಕಾಗಿಯೇ 1981ರಿಂದ ಆರ್‌ಪಿಐ ಎಂಬ ಸೂತ್ರ ಬಳಕೆಗೆ ಬಂತು. ತಂಡದ ಸ್ವಂತ ಗೆಲುವಿಗೆ ಅದರಲ್ಲಿ ಕಾಲು ಭಾಗದ ತೂಕ. ಎದುರಾಳಿಗಳ ಗೆಲುವಿಗೆ ಅರ್ಧ, ಆ ಎದುರಾಳಿಗಳ ಎದುರಾಳಿಗಳ ಗೆಲುವಿಗೆ ಉಳಿದ ಕಾಲು. ತೀರಾ ದುರ್ಬಲ ತಂಡವನ್ನು ಸೋಲಿಸಿದರೂ ಸೂಚ್ಯಂಕ ಇಳಿಯಬಹುದಿತ್ತು! 2018ರಲ್ಲಿ ಅದರ ಜಾಗಕ್ಕೆ ನೆಟ್ ಎಂಬ ಹೊಸ ಶ್ರೇಯಾಂಕ ಪದ್ಧತಿ ಬಂತು. ಅದು ಎದುರಾಳಿಯ ಬಲ, ಆಡಿದ ಸ್ಥಳ ಎರಡನ್ನೂ ತೂಗುತ್ತದೆ. ಗೆಲುವುಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತಾರೆ: ತವರಿನಲ್ಲಾದರೆ ಮೊದಲ 30 ಸ್ಥಾನದವರನ್ನು ಸೋಲಿಸಿದರೆ ಮಾತ್ರ ಮೊದಲ ದರ್ಜೆ, ಪರಊರಿನಲ್ಲಾದರೆ 75ನೇ ಸ್ಥಾನದವರನ್ನು ಸೋಲಿಸಿದರೂ ಸರಿ. ಪರಊರಿನಲ್ಲಿ ಗೆಲ್ಲುವುದು ಎಷ್ಟು ಕಷ್ಟವೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಡಿಸೆಂಬರಿನಲ್ಲೇ ಮಗ ಎಚ್ಚರಿಸಿದ್ದ. "ಅಪ್ಪಾ, ನಾವು ಬಲವಾದವರ ಮೇಲೆ ಆಡಿಯೇ ಇಲ್ಲ." ನಾನು "ಗೆಲುವು ಗೆಲುವೇ ಕಣೋ" ಎಂದು ಮಾತು ಮುಗಿಸಿದೆ. ಮಾರ್ಚ್‌ನ ಆ ಭಾನುವಾರ ಸಂಜೆ ಟಿವಿಯಲ್ಲಿ ಟೂರ್ನಿಗೆ ಆಯ್ಕೆಯಾದ 68 ತಂಡಗಳ ಹೆಸರು ಒಂದೊಂದಾಗಿ ಬಂದವು. ಮಗ ಕಾಲೇಜಿನ ಅಂಗಿ ತೊಟ್ಟು ಜಮಖಾನದ ಮೇಲೆ ಕುಳಿತಿದ್ದ. ತಟ್ಟೆಯಲ್ಲಿ ಕಲೆಸಿಟ್ಟ ಮೊಸರನ್ನ ಒಣಗುತ್ತಿತ್ತು. ಕೊನೆಯ ಹೆಸರೂ ಬಂತು, ನಮ್ಮದಿರಲಿಲ್ಲ. ಸಮಾಧಾನ ಮಾಡಲು ಹೋಗಿ ಅಂದುಬಿಟ್ಟೆ: "ಹೋಗಲಿ ಬಿಡು, ನಮಗೇನು?" ಅವನು ತಿರುಗಿ ನೋಡಿದ. "ನಮಗೇನು ಅಂದರೆ? ಅದು ನಮ್ಮ ತಂಡ ಅಲ್ಲವಾ?"

ಹನ್ನೊಂದು ವರ್ಷ ಈ ಊರಿನಲ್ಲಿ ತೆರಿಗೆ ಕಟ್ಟಿ, ಹಿಮ ಗೋರಿ ಬದುಕಿದ್ದೆ. ಆ ಒಂದು ಮಾತು ನನ್ನ ಬಾಯಿಗೆ ಬಂದಿರಲಿಲ್ಲ. ಅವನಿಗೆ ಹುಟ್ಟಿನಿಂದಲೇ ಬಂದಿತ್ತು.

ಈಗ ಜನವರಿಯಿಂದಲೇ ಇಬ್ಬರೂ ಕುಳಿತು ಎದುರಾಳಿಗಳ ಪಟ್ಟಿ ಓದುತ್ತೇವೆ. ನೀವೂ ಮಕ್ಕಳಿಂದಲೇ ಕಲಿಯಿರಿ, ನಾಚಿಕೆ ಬೇಡ. ಆರ್‌ಸಿಬಿಯನ್ನು ಮಗ ಇಂದಿಗೂ "ನಿನ್ನ ತಂಡ" ಎನ್ನುತ್ತಾನೆ. ಕೇಳಿದಾಗಲೆಲ್ಲ ಕರುಳು ಚುರುಕ್ ಎನ್ನುತ್ತದೆ. ಆದರೂ ಏಪ್ರಿಲ್‌ನ ಶನಿವಾರ ಬೆಳಿಗ್ಗೆ ಪಂದ್ಯ ಹಚ್ಚಿದರೆ, ಹೊದಿಕೆ ಹೊದ್ದುಕೊಂಡೇ ಬಂದು ಪಕ್ಕದಲ್ಲಿ ಕೂರುತ್ತಾನೆ. "ಇನ್ನೆಷ್ಟು ರನ್ ಬೇಕು?" ಎಂದು ಕೇಳುತ್ತಾನೆ.