ಫ್ರಾನ್ಸ್‌ನ ಚಾಕು, ತಾಮ್ರದ ಪಾತ್ರೆ ಕೊಳ್ಳುವವರಿಗೆ

'ಸಬಾತಿಯೇ' ಅಂತ ಕೆತ್ತಿದ್ದ ಮಾತ್ರಕ್ಕೆ ಚಾಕು ಒಳ್ಳೆಯದು ಅಂತ ಅಲ್ಲ. ಅದು ಒಂದೇ ಕಂಪನಿಯ ಹೆಸರಲ್ಲ, ಹಲವರು ಬಳಸುತ್ತಾರೆ. ಜೊತೆಗಿರುವ ತಯಾರಕರ ಗುರುತು ನೋಡಿ, ತಿಯೇರ್ ಊರಲ್ಲಿ ತಯಾರಾಗಿದ್ದಾ ಅಂತ ಕೇಳಿ. ಫ್ರಾನ್ಸ್‌ನ ಚಾಕು ಕಸುಬಿಗೆ ಹೆಸರಾದ ಊರು ಅದು.

ನನ್ನದು ಕಾರ್ಬನ್ ಸ್ಟೀಲಿನ ಚಾಕು. ಮೊದಲ ವಾರ ಈರುಳ್ಳಿ ಹೆಚ್ಚುತ್ತಾ ಹೆಚ್ಚುತ್ತಾ ಅಲಗು ನೀಲಿ-ಬೂದು ಬಣ್ಣಕ್ಕೆ ತಿರುಗಿತು. ಹಾಳಾಯ್ತು ಅಂತ ಸುಮ್ನೆ ಉಜ್ಜಬೇಡಿ. ಆ ಪದರ ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಆದರೆ ನಿಂಬೆಹಣ್ಣು ಕೊಯ್ದು ಹಾಗೇ ಬಿಡಬಾರದು, ಕೂಡಲೇ ತೊಳೆದು ಒರೆಸಿಡಬೇಕು. ಅಷ್ಟು ಪುರುಸೊತ್ತಿಲ್ಲದವರಿಗೆ ಸ್ಟೇನ್‌ಲೆಸ್ಸೇ ಸರಿ.

ತಾಮ್ರದ ಪಾತ್ರೆಗೆ ಫ್ರಾನ್ಸ್‌ನ ನಾರ್ಮಂಡಿ ಪ್ರಾಂತ್ಯದ ವಿಲ್‌ದ್ಯೂ-ಲೆ-ಪ್ವಾಲ್ ಊರು ಹೆಸರುವಾಸಿ. ಹೊಳಪಿಗೆ ಮರುಳಾಗಬೇಡಿ, ಅಂಚಿನ ದಪ್ಪ ಅಳೆಯಿರಿ. ದಿನದ ಅಡುಗೆಗೆ 2ರಿಂದ 2.5 ಮಿ.ಮೀ. ಇರಲಿ. 1 ಮಿ.ಮೀ.ನದ್ದು ಬಡಿಸೋಕೆ, ಗೋಡೆಗೆ ನೇತುಹಾಕೋಕೆ ಅಷ್ಟೇ. ಒಳಗೆ ತವರದ ಲೇಪ ಇದ್ದರೆ ಖಾಲಿ ಪಾತ್ರೆಯನ್ನು ಒಲೆ ಮೇಲೆ ಇಡಲೇಬೇಡಿ, ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ನಮ್ಮ ಕಲಾಯಿಯೂ ತವರವೇ ಅಲ್ವಾ? ಹಾಗಾಗಿ ಲೇಪ ಸವೆದರೆ ಪಾತ್ರೆ ಬಿಸಾಡಬೇಡಿ, ಒಳ್ಳೆಯ ಕಲಾಯಿಯವರನ್ನು ಹುಡುಕಿ ಮತ್ತೆ ಹಾಕಿಸಿ. ಇಂಡಕ್ಷನ್ ಒಲೆ ಮೇಲೆ ಮಾತ್ರ ಬರೀ ತಾಮ್ರದ ಪಾತ್ರೆ ಕಾಯುವುದಿಲ್ಲ.