ಮೊದಲು ಬಾಣಂತಿ, ಆಮೇಲೆ ತಕ್ಕಡಿ

ರೋಣ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಆಶಾ ಕಾರ್ಯಕರ್ತೆ. 2010ರಿಂದ ಇದೇ ಕೆಲಸ. ನಮ್ಮೂರಲ್ಲಿ ಯಾವ ಮನೆಯ ಬಾಣಂತಿ ಕೋಣೆ ಯಾವ ಮೂಲೆಗಿದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಒಂದು ಹೊರಸು, ಅದರ ಕೆಳಗೆ ಕೆಂಡದ ಬುಟ್ಟಿ, ಕಿಟಕಿಗೆ ಕಟ್ಟಿದ ಹಳೆ ಸೀರೆ, ಮೂಲೆಯಲ್ಲಿ ಅಂಟಿನುಂಡಿ ಡಬ್ಬಿ. ಎಲ್ಲಾ ಕಡೆ ಹೆಚ್ಚು ಕಡಿಮೆ ಇಷ್ಟೇ.

ಆಸ್ಪತ್ರೆಯಲ್ಲಿ ಹೆರಿಗೆ ಆದ ಬಾಣಂತಿ ಹತ್ತಿರ ನಾವು ಆರು ಸಲ ಹೋಗಬೇಕು. 3, 7, 14, 21, 28 ಮತ್ತು 42ನೇ ದಿನ. ಚೀಲದಲ್ಲಿ ತಕ್ಕಡಿ, ಕೂಸನ್ನು ತೂಗುವ ಜೋಳಿಗೆ, ಥರ್ಮಾಮೀಟರ್. ಎಲ್ಲಾ ಮುಗಿದ ಮೇಲೆ ಒಂದು ಕೂಸಿಗೆ 250 ರೂಪಾಯಿ. ಅದು ಯಾವಾಗ ಕೈಗೆ ಬರುತ್ತದೆ ಅನ್ನುವುದು ಬೇರೆ ಕಥೆ, ಬಿಡಿ. ತುಂಬುವ ಫಾರಂನಲ್ಲಿ ಹೆಚ್ಚಿನ ಪ್ರಶ್ನೆ ಕೂಸಿನವೇ. ತೂಕ ಎಷ್ಟು, ಹೊಕ್ಕಳು ಒಣಗಿದೆಯಾ, ಮೈ ಬಿಸಿ ಇದೆಯಾ. ತಕ್ಕಡಿ ತೆಗೆದರೆ ಸಾಕು, ಮನೆಮಂದಿಯೆಲ್ಲಾ ಸುತ್ತ ನೆರೆಯುತ್ತಾರೆ. ಪಕ್ಕದ ಮನೆಯವರೂ ಬರುತ್ತಾರೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಹಾಗೇ ಒಂದು ಮನೆಗೆ ಏಳನೇ ದಿನದ ಭೇಟಿಗೆ ಹೋಗಿದ್ದೆ. ಕೂಸು ಚೆನ್ನಾಗಿತ್ತು. ಎಲ್ಲರೂ ನಕ್ಕರು, ನನಗೂ ಒಂದು ಅಂಟಿನುಂಡಿ ಕೊಟ್ಟರು. ಬಾಣಂತಿಗೆ ದೂರದಿಂದಲೇ "ಆರಾಮ ಅದೀ ಏನವ್ವಾ?" ಅಂದೆ. "ಆರಾಮ ಅದೀನ್ರಿ ಅಕ್ಕಾ" ಅಂದಳು. ಫಾರಂ ತುಂಬಿ ಎದ್ದು ಬಂದೆ. ಒಂಬತ್ತನೇ ದಿನ ರಾತ್ರಿ ಅವಳ ಗಂಡ ಓಡಿ ಬಂದು ಬಾಗಿಲು ಬಡಿದ. ಹೋಗಿ ನೋಡಿದರೆ ಮೈ ಸುಡುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿದ್ದವು. ಹೊದಿಕೆ ಸರಿಸಿದಾಗ ಬಂದ ವಾಸನೆಯಿಂದಲೇ ನನಗೆ ಗೊತ್ತಾಯಿತು. ಗರ್ಭಕೋಶಕ್ಕೆ ನಂಜು ಏರಿತ್ತು. ನಾಲ್ಕು ದಿನದಿಂದ ಹೊಟ್ಟೆ ಕೆಳಗೆ ನೋವು, ಹೋಗುತ್ತಿದ್ದ ರಕ್ತಕ್ಕೆ ಕೆಟ್ಟ ವಾಸನೆ. ಅತ್ತೆ ಮುಂದೆ, ಮೈದುನನ ಮುಂದೆ ಹೇಗೆ ಹೇಳಲಿ ಅಂತ ಸುಮ್ಮನಿದ್ದಳು. 108ಕ್ಕೆ ಫೋನ್ ಮಾಡಿ ಗದಗಕ್ಕೆ ಒಯ್ದೆವು. ವಾರಗಟ್ಟಲೆ ಇಂಜೆಕ್ಷನ್ ಆದ ಮೇಲೆ ಬದುಕಿ ಬಂದಳು. ನಾನು ಏಳನೇ ದಿನ ತುಂಬಿದ ಫಾರಂನಲ್ಲಿ ಮಾತ್ರ ಎಲ್ಲಾ ಸರಿ ಇತ್ತು.

ಅವತ್ತಿನಿಂದ ತಕ್ಕಡಿಯನ್ನು ಕೊನೆಗೇ ತೆಗೆಯುತ್ತೇನೆ. ಒಳಗೆ ಹೋದ ಕೂಡಲೇ ಹೊರಸಿನ ಅಂಚಿಗೆ ಕೂರುತ್ತೇನೆ. ಆಮೇಲೆ ಅತ್ತೆಗೋ ಅವ್ವನಿಗೋ ಹೇಳುತ್ತೇನೆ, "ಕೂಸು ಮುಟ್ಟಬೇಕು, ಕೈ ತೊಳಿಯಾಕ ಸ್ವಲ್ಪ ಬಿಸಿನೀರು ಕಾಸಿ ಕೊಡ್ರಿ." ನೀರು ಕಾಯುವವರೆಗೆ ಐದು ನಿಮಿಷ ಸಿಗುತ್ತದೆ. ಆ ಐದು ನಿಮಿಷ ನಮ್ಮಿಬ್ಬರದೇ.

"ಆರಾಮ ಇದ್ದೀಯಾ" ಅಂತ ಈಗ ಕೇಳುವುದೇ ಇಲ್ಲ. ಅದಕ್ಕೆ ಬರುವ ಉತ್ತರ ಒಂದೇ. ಎಣಿಸಿ ಹೇಳುವಂಥದ್ದನ್ನು ಕೇಳುತ್ತೇನೆ. ನಿನ್ನೆಯಿಂದ ಎಷ್ಟು ಬಟ್ಟೆ ಬದಲಿಸಿದಿ? ವಾಸನೆ ಇದೆಯಾ? ಒಂದಕ್ಕೆ ಹೋದಾಗ ಉರಿಯುತ್ತಾ? ಎರಡಕ್ಕೆ ಹೋಗಿ ಎಷ್ಟು ದಿನ ಆಯಿತು? ತಲೆನೋವು, ಕಣ್ಣು ಮಂಜಾಗುವುದು ಇದೆಯಾ? ಮಾತಾಡುತ್ತಲೇ ರೆಪ್ಪೆ ಕೆಳಗೆ ಮಾಡಿ ರಕ್ತ ಹೇಗಿದೆ ನೋಡುತ್ತೇನೆ, ಪಾದ ಒತ್ತಿ ಬಾವು ನೋಡುತ್ತೇನೆ, ಎದೆ ಗಡ್ಡೆ ಕಟ್ಟಿದೆಯಾ ಕೇಳುತ್ತೇನೆ. ಒಂದು ತಾಸಿನೊಳಗೆ ಬಟ್ಟೆ ಪೂರ್ತಿ ತೊಯ್ದು ಹೋಗುತ್ತಿದ್ದರೆ ಮಾತೇ ಬೇಡ, ಸೀದಾ 108. ಬಿಪಿ ಹೆರಿಗೆ ಆದ ಮೇಲೂ ಏರಬಹುದು, ಅದಕ್ಕೇ ತಲೆನೋವಿನ ಪ್ರಶ್ನೆ. "ನಿದ್ದಿಗೆಟ್ಟು ತಲಿ ನೋಯ್ತೈತಿ" ಅಂತ ಮನೆಯವರು ತೇಲಿಸಿಬಿಡುತ್ತಾರೆ.

ಬಿಪಿ ಅಂದಾಗ ಒಂದು ಕುಬಸದ, ಅಂದರೆ ಸೀಮಂತದ, ಕಥೆ ಹೇಳಲೇಬೇಕು. ಏಳು ತಿಂಗಳ ಗರ್ಭಿಣಿ ಹುಡುಗಿ. ಹಸಿರು ಸೀರೆ, ಐದು ತರದ ಸಿಹಿ, ಫೋಟೋದವನೂ ಬಂದಿದ್ದ. ಬಳೆಗಾರ ತಂದ ಹಸಿರು ಬಳೆ ಕೈಗೆ ಏರಲೇ ಇಲ್ಲ. "ಹೋದ ತಿಂಗಳು ಇದ ಅಳತಿ ಹಾಕೀನ್ರಿ" ಅಂದ ಅವನು. ಹೆಂಗಸರು "ತವರಿನ ಊಟ ಮೈಗೆ ಹತ್ತೇತಿ" ಅಂತ ನಕ್ಕರು. ನನಗೆ ನಗು ಬರಲಿಲ್ಲ. ಮುಖವೂ ಊದಿತ್ತು. ಮರುದಿನ ಬೆಳಿಗ್ಗೆ ಉಪಕೇಂದ್ರಕ್ಕೆ ಕರೆದುಕೊಂಡು ಹೋದೆ. ಸಿಸ್ಟರ್ ಬಿಪಿ ನೋಡಿದರೆ 150ಕ್ಕೆ 100. 140ಕ್ಕೆ 90 ಇದ್ದರೇ ಡಾಕ್ಟರ್ ಹತ್ತಿರ ಕಳಿಸಬೇಕು. ಅವಳನ್ನು ಅವತ್ತೇ ಕಳಿಸಿದೆವು. ಈಗ ಕುಬಸಕ್ಕೆ ಯಾರು ಕರೆದರೂ ನಾನು ಬಳೆಗಾರನ ಪಕ್ಕದಲ್ಲೇ ಕೂರುವುದು.

ಕೆಂಡ, ಕಟ್ಟಿದ ಕಿಟಕಿ, ನೀರು ಕೊಡದಿರುವುದು. ಮೊದಮೊದಲು ಮೂರಕ್ಕೂ ಜಗಳ ಮಾಡುತ್ತಿದ್ದೆ. ತರಬೇತಿ ಮುಗಿಸಿ ಬಂದ ಹುಮ್ಮಸ್ಸು, ಅಲ್ವಾ. ಅತ್ತೆಯಂದಿರು ನಾನಿರುವಾಗ ಹೂಂ ಅಂದು, ನಾನು ಓಣಿ ದಾಟುವಷ್ಟರಲ್ಲಿ ಮತ್ತೆ ಅದನ್ನೇ ಮಾಡುತ್ತಿದ್ದರು. ಒಬ್ಬ ಆಯಿ ಮುಖಕ್ಕೇ ಹೇಳಿದರು, "ಎಂಟು ಹಡದೀನಿ, ನೀ ಎರಡು." ಅದಕ್ಕೆ ಏನು ಹೇಳಲಿ?

ಆಮೇಲೆ ಯೋಚನೆ ಮಾಡಿದೆ. ಅವರ ಕಾಲದ ಮಣ್ಣಿನ ಮನೆಗೆ ಬೆಳಕಿಂಡಿ ಇತ್ತು, ಹೊಗೆ ಮೇಲೆ ಹೋಗುತ್ತಿತ್ತು. ಈಗಿನ ಆರ್‌ಸಿಸಿ ಕೋಣೆಗೆ ಅದಿಲ್ಲ. ಇದನ್ನೇ ಹೇಳಿದರೆ ಅವರಿಗೆ ಒಪ್ಪಿಗೆ. ತಮ್ಮ ಪದ್ಧತಿಯನ್ನು ಬೈದಂತೆ ಆಗುವುದಿಲ್ಲ, ಸಿಮೆಂಟನ್ನು ಬೈದಂತೆ ಆಗುತ್ತದೆ! ಕುಳ್ಳನ್ನು ಅಂಗಳದಲ್ಲೇ ಸುಟ್ಟು, ಹೊಗೆ ಪೂರ್ತಿ ಹೋದ ಮೇಲೆ ಕೆಂಡ ಒಳಗೆ ತಂದು, ಮೈ ಕಾಯಿಸಿದ ಕೂಡಲೇ ಹೊರಗೆ ಒಯ್ಯಬೇಕು, ಅಲ್ಲಿಯವರೆಗೆ ಬಾಗಿಲು ತೆರೆದಿರಬೇಕು ಅಂತ ಮಾತಾಯಿತು. ಸಿಸೇರಿಯನ್ ಹೊಲಿಗೆಗೆ ಮಾತ್ರ ಶಾಖ ಬೇಡವೇ ಬೇಡ. ಅದರಲ್ಲಿ ನಾನು ಬಗ್ಗುವುದಿಲ್ಲ.

ನೀರಿನದು ಇನ್ನೂ ಸುಲಭವಾಯಿತು. "ನೀರು ಕುಡಿದರ ಹೊಟ್ಟಿ ಬರತೈತಿ, ಮೈ ಥಂಡಿ ಆಗತೈತಿ" ಅನ್ನುವುದು ಅವರ ಭಯ. ಅಜವಾನ ಹಾಕಿ ಕುದಿಸಿ, ಬಿಸಿ ಇರುವಾಗ ತಂಬಿಗೆಯಲ್ಲಿ ಹೊರಸಿನ ಪಕ್ಕ ಇಡಿ ಅಂದೆ. ಹಾಗೆ ಹೇಳಿದರೆ ಅದು ನೀರಲ್ಲ, ಔಷಧಿ! ಮೂರ್ನಾಲ್ಕು ದಿನದಲ್ಲೇ ಬಾಣಂತಿಯ ಮಲಬದ್ಧತೆ, ಉರಿಮೂತ್ರ ಎರಡೂ ಕಡಿಮೆಯಾಗಬಹುದು.

ಅಂಟಿನುಂಡಿ, ಅಳವಿ ಪಾಯಸ, ಸಬ್ಬಸಗಿ ಪಲ್ಯ, ಇವಕ್ಕೆ ನನ್ನ ತಕರಾರೇ ಇಲ್ಲ. ಬೇಳೆ, ತತ್ತಿ, ಹಣ್ಣು ಸೇರಿಸಿ ಅನ್ನುತ್ತೇನೆ ಅಷ್ಟೇ. ಕಬ್ಬಿಣದ ಮಾತ್ರೆ ಮಾತ್ರ ದೊಡ್ಡ ತಲೆನೋವು. ಹೆರಿಗೆ ಆದ ಮೇಲೂ 180 ದಿನ ನುಂಗಬೇಕು. ಕೂಸು ಹೊರಗೆ ಬಂತು, ಇನ್ನೇಕೆ ಅಂತ ನಿಲ್ಲಿಸಿಬಿಡುತ್ತಾರೆ. ಮಾತ್ರೆ ಚೀಟಿಯನ್ನು ಉಂಡಿ ಡಬ್ಬಿಯ ಮುಚ್ಚಳಕ್ಕೆ ರಬ್ಬರ್ ಹಾಕಿ ಕಟ್ಟಿ ಬರುತ್ತೇನೆ. ಡಬ್ಬಿಗೆ ಕೈ ಹಾಕಿದಾಗ ನೆನಪಾಗಲಿ ಅಂತ. ಚಹಾ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆ ಜೊತೆಗೂ ಬೇಡ.

ಮನಸ್ಸಿನ ವಿಷಯ ನನಗೆ ತಡವಾಗಿ ತಿಳಿಯಿತು. ಎರಡನೇ ಹೆಣ್ಣು ಹುಟ್ಟಿದ ಒಬ್ಬ ಬಾಣಂತಿ, 21ನೇ ದಿನ. ಕೂಸು ಅಳುತ್ತಿದ್ದರೂ ಅದರ ಕಡೆ ನೋಡುತ್ತಿರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. "ಗಾಳಿ ಸೋಂಕೇತಿ" ಅಂದರು ಅತ್ತೆ. ಹೆರಿಗೆ ಆದ ಹೊಸದರಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಬಹಳ ಜನರಿಗೆ ಇದ್ದದ್ದೇ, ತಾನೇ ಹೋಗುತ್ತದೆ. ಎರಡು ವಾರ ದಾಟಿದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಬಿಸಿನೀರು ಕಾಯುವಷ್ಟರಲ್ಲಿ ಅವಳು ಒಂದೇ ಮಾತು ಹೇಳಿದಳು, "ಮಲಗಿದ್ರ ಏಳೂದ ಬ್ಯಾಡ ಅನಸ್ತೈತ್ರಿ ಅಕ್ಕಾ." ಗಂಡನನ್ನು ಹೊಲದಿಂದ ಕರೆಸಿ, ಅವತ್ತೇ ಡಾಕ್ಟರಿಗೆ ತೋರಿಸಿ, ಮುಂದೆ ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗುವಂತೆ ಮಾಡಿದೆ. ದೇವರಿಗೂ ಹರಕೆ ಹೊರಲಿ, ಬೇಡ ಅನ್ನಲಿಲ್ಲ. ರಾತ್ರಿ ಹಾಲು ಕುಡಿಸಿದ ಮೇಲೆ ಕೂಸನ್ನು ಅವಳ ಅವ್ವ ಎತ್ತಿಕೊಂಡರು, ಇವಳಿಗೆ ನಾಲ್ಕು ತಾಸು ಒಂದೇ ಸಮ ನಿದ್ದೆ ಸಿಗುವ ಹಾಗೆ. ಸರಿಹೋಗಲು ತಿಂಗಳುಗಳೇ ಬೇಕಾದವು. ಈಗ ಪ್ರತಿ ಬಾಣಂತಿಯ ತಾಯಿ ಕಾರ್ಡ್ ಹಿಂದೆ ಮನಸ್ಸಿನ ತೊಂದರೆಗೆ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದಿಡುತ್ತೇನೆ.

ಹೋದ ತಿಂಗಳು ಆ ಎಂಟು ಹಡೆದ ಆಯಿಯ ಮೊಮ್ಮಗಳ ಬಾಣಂತನ. ನಾನು ಹೊಸ್ತಿಲು ದಾಟುವ ಮೊದಲೇ ಚರಿಗೆಯಲ್ಲಿ ಬಿಸಿನೀರು, ಪಕ್ಕದಲ್ಲಿ ಸಾಬೂನು ಇಟ್ಟಿದ್ದರು. ಈಗ ಇವರನ್ನು ಹೊರಗೆ ಕಳಿಸುವುದು ಹೇಗೆ ಅಂತ ನಾನು ನಿಂತೇ ಇದ್ದೆ. ಆಯಿ ಕೋಲು ಹಿಡಿದು ಎದ್ದರು. "ನಾ ಕಟ್ಟಿ ಮ್ಯಾಲೆ ಕುಂದರ್ತೀನಿ. ಕೇಳೂದು ಕೇಳಿ ಮುಗದ ಮ್ಯಾಲೆ ಕರಿ, ತಕ್ಕಡಿ ನೋಡಾಕ ಬರ್ತೀನಿ."